ಹೈಸ್ಕೂಲು, ಪಿಯುಸಿಯಲ್ಲಿ ಓದಿದ್ದು ಮುಂದೆ ಕಾಲೇಜಿನಲ್ಲಿ ಲೆಕ್ಕಕ್ಕೆ ಬರುತ್ತಾ? ಬಂದಳಿಕೆ ಭಾಗದ ಪೋಷಕರಿಗೆ ಇಲ್ಲಿದೆ ಮಾಹಿತಿ

ಶಿಕಾರಿಪುರ/ಸೊರಬ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಬಂದಳಿಕೆ ಸುತ್ತಲಿನ ಹಳ್ಳಿಗಳಲ್ಲಿ ಒಂದೇ ಮಾತು. ಮಗನನ್ನ ಪಿಯುಸಿಗೆ ಹಾಕೋದಾ, ಐಟಿಐಗೆ ಹಾಕೋದಾ, ಡಿಪ್ಲೊಮಾಗೆ ಹಾಕೋದಾ? ಶಿರಾಳಕೊಪ್ಪ, ಆನವಟ್ಟಿ, ಸೊರಬ, ಶಿಕಾರಿಪುರ ಅಂತ ದಿನಾ ಬಸ್ಸು ಹಿಡಿಯುವ ಮಕ್ಕಳಿಗೆ ಒಂದು ವರ್ಷ ಹಾಳಾದರೆ ಬಸ್ ಪಾಸಿನಿಂದ ಹಿಡಿದು ಹಾಸ್ಟೆಲ್ ಖರ್ಚಿನವರೆಗೆ ಎಲ್ಲವೂ ಮನೆಯವರ ತಲೆ ಮೇಲೆ ಬೀಳುತ್ತೆ. ಇದರ ನಡುವೆ ಹೊಸದೊಂದು ಮಾತು ಸೇರಿಕೊಂಡಿದೆ: ‘ಹೈಸ್ಕೂಲಲ್ಲಿ ಇರುವಾಗಲೇ ಕಾಲೇಜಿನ ಕ್ರೆಡಿಟ್ ಗಳಿಸಬಹುದಂತೆ, ಡಿಗ್ರಿ ಬೇಗ ಮುಗಿಯುತ್ತಂತೆ’.

ಈ ಮಾತಿನಲ್ಲಿ ಸತ್ಯ ಎಷ್ಟು, ಯಾವ ಓದು ಎಲ್ಲಿ ಲೆಕ್ಕಕ್ಕೆ ಬರುತ್ತೆ, ಎಲ್ಲಿ ಬರೋದಿಲ್ಲ ಎಂಬ ವಿವರ ಇಲ್ಲಿದೆ.

ಏನಿದು ಡ್ಯುಯಲ್ ಎನ್‌ರೋಲ್‌ಮೆಂಟ್?

ಇದು ಅಮೆರಿಕದ ವ್ಯವಸ್ಥೆ. ಅಲ್ಲಿ ಹೈಸ್ಕೂಲ್ ವಿದ್ಯಾರ್ಥಿ ಶಾಲೆಯಲ್ಲಿ ಇದ್ದುಕೊಂಡೇ ಹತ್ತಿರದ ಕಾಲೇಜಿನ ಒಂದೆರಡು ವಿಷಯಕ್ಕೂ ಸೇರಿಕೊಳ್ಳಬಹುದು. ಪಾಸಾದರೆ ಆ ವಿಷಯ ಶಾಲೆಯ ಲೆಕ್ಕಕ್ಕೂ ಬರುತ್ತೆ, ಕಾಲೇಜಿನ ಲೆಕ್ಕಕ್ಕೂ ಬರುತ್ತೆ. ಮಿನ್ನೆಸೋಟ ರಾಜ್ಯ 1985ರಲ್ಲೇ ಇದಕ್ಕೆ ಕಾನೂನು ಮಾಡಿತು. ಮುಂದೆ ಬೇರೆ ರಾಜ್ಯಗಳಿಗೂ ಹರಡಿತು. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಇದನ್ನ ಬಳಸಿಕೊಳ್ಳುತ್ತಾರೆ. ಊರಿಗೆ ಫೋನ್ ಮಾಡಿದಾಗ ‘ನಮ್ಮ ಮಗಳು ಹೈಸ್ಕೂಲಲ್ಲೇ ಕಾಲೇಜ್ ಕ್ಲಾಸ್ ಮುಗಿಸಿದಳು’ ಅನ್ನೋದು ಇದೇ ಅರ್ಥದಲ್ಲಿ.

ಕರ್ನಾಟಕದಲ್ಲಿ ಇದೆಯಾ?

ನೇರ ಉತ್ತರ: ಇಲ್ಲ. ‘ಪಿಯು ಕಾಲೇಜು’ ಅಂತ ಹೆಸರಲ್ಲಿ ಕಾಲೇಜು ಇದ್ದರೂ ಪಿಯುಸಿ ಅಂದರೆ 11 ಮತ್ತು 12ನೇ ತರಗತಿ. ಪರೀಕ್ಷೆ ನಡೆಸೋದು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಶಿಕಾರಿಪುರ, ಸೊರಬದ ಪ್ರಥಮ ದರ್ಜೆ ಕಾಲೇಜುಗಳು ಬರೋದು 1987ರಲ್ಲಿ ಆರಂಭವಾದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ. ಎರಡರ ಲೆಕ್ಕ ಬೇರೆ ಬೇರೆ. ಪಿಯುಸಿಯಲ್ಲಿ ಅಕೌಂಟೆನ್ಸಿಗೆ ನೂರಕ್ಕೆ ನೂರು ತೆಗೆದರೂ ಬಿ.ಕಾಂ. ಮೊದಲ ಸೆಮಿಸ್ಟರಿನ ಅಕೌಂಟಿಂಗ್ ಪತ್ರಿಕೆ ಬರೆಯಲೇಬೇಕು.

ಹಾಗಾದರೆ ಕ್ರೆಡಿಟ್ ಮಾತು ಎಲ್ಲಿಂದ ಬಂತು? 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಕಡೆಯಿಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಹೊರಬಂತು. ಅದರ ಪ್ರಕಾರ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, ಅಂದರೆ 40 ಕ್ರೆಡಿಟ್. ಶಾಲಾ ಶಿಕ್ಷಣವನ್ನೂ ಇದರೊಳಗೆ ತಂದಿದ್ದಾರೆ. 10ನೇ ತರಗತಿ 3ನೇ ಹಂತ, 12ನೇ ತರಗತಿ 4ನೇ ಹಂತ. ಆದರೆ 3ನೇ ಹಂತದಲ್ಲಿ ಗಳಿಸಿದ ಕ್ರೆಡಿಟ್ ಅದೇ ಹಂತದ್ದು. ಅದನ್ನ ತೋರಿಸಿ ಪದವಿಯ ಒಂದು ಸೆಮಿಸ್ಟರ್ ಬಿಡಿಸಿಕೊಳ್ಳಲು ಆಗೋದಿಲ್ಲ.

ಶಾಲೆಗಳಲ್ಲಿ ಕೇಳುವ ‘ಅಪಾರ್’ ಸಂಖ್ಯೆಯೂ ಇದಕ್ಕೆ ಸಂಬಂಧಿಸಿದ್ದೇ. ಇದು 12 ಅಂಕಿಯ ವಿದ್ಯಾರ್ಥಿ ಗುರುತಿನ ಸಂಖ್ಯೆ. ಮಗು ಅಪ್ರಾಪ್ತವಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಅಂಕಪಟ್ಟಿ, ಕ್ರೆಡಿಟ್ ದಾಖಲೆಗಳು ಈ ಸಂಖ್ಯೆಯ ಕೆಳಗೆ ಸೇರುತ್ತವೆ. ಕಾಲೇಜಿನ ಕ್ರೆಡಿಟ್ ಇಡುವ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ಗೆ ಯುಜಿಸಿ 2021ರಲ್ಲಿ ನಿಯಮ ಮಾಡಿದೆ. ಅಲ್ಲಿ ಇಟ್ಟ ಕ್ರೆಡಿಟ್ ಗರಿಷ್ಠ 7 ವರ್ಷ ಬಾಳುತ್ತೆ. ಬ್ಯಾಂಕ್ ಅಂದರೆ ದುಡ್ಡಿನ ಬ್ಯಾಂಕ್ ಅಲ್ಲ, ಓದಿನ ಪಾಸ್‌ಬುಕ್ ಅಂದುಕೊಂಡರೆ ಸರಿ.

ಹಾಗಾದರೆ ಯಾವುದು ಲೆಕ್ಕಕ್ಕೆ ಬರುತ್ತೆ?

ಒಂದು ಕಡೆ ಓದಿದ್ದನ್ನ ಇನ್ನೊಂದು ಕಡೆ ಒಪ್ಪಿಕೊಳ್ಳುವ ದಾರಿಗಳು ಇಲ್ಲಿಯೂ ಇವೆ. ಹೆಚ್ಚಿನವರಿಗೆ ಗೊತ್ತಿಲ್ಲ ಅಷ್ಟೆ.

*1. ಹೈಸ್ಕೂಲಿನಲ್ಲೇ ವೃತ್ತಿ ವಿಷಯ*

ಎನ್‌ಎಸ್‌ಕ್ಯೂಎಫ್ ಯೋಜನೆ ಇರುವ ಸರ್ಕಾರಿ ಪ್ರೌಢಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ಒಂದು ವೃತ್ತಿ ವಿಷಯ ತೆಗೆದುಕೊಳ್ಳಬಹುದು. ರೀಟೇಲ್, ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ಬ್ಯೂಟಿ ಆ್ಯಂಡ್ ವೆಲ್‌ನೆಸ್ ಇಂಥ ವಿಷಯಗಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೇ ಇದರ ಅಂಕ ಬರುತ್ತೆ. ಪಿಯುಸಿಯಲ್ಲೂ ಇದನ್ನ ಮುಂದುವರಿಸುವ ಅವಕಾಶ ಕೆಲವು ಕಾಲೇಜುಗಳಲ್ಲಿದೆ. ರೀಟೇಲ್ ಅಂದರೆ ಅಂಗಡಿ ವ್ಯಾಪಾರವೇ. ದಾಸ್ತಾನು, ಬಿಲ್ಲು, ಗಿರಾಕಿ ಜತೆ ಮಾತು. ಕಿರಾಣಿ, ಬಟ್ಟೆ ಅಂಗಡಿ ನಡೆಸುವ ಮನೆಯ ಮಕ್ಕಳಿಗೆ ಇದು ಹತ್ತಿರದ ವಿಷಯ. ಇದರಿಂದ ಪದವಿಯ ಅವಧಿ ಕಡಿಮೆ ಆಗೋದಿಲ್ಲ, ಆದರೆ ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸಲು ಒಂದು ಕೌಶಲದ ದಾಖಲೆ ಇರುತ್ತೆ.

*2. ಐಟಿಐ ಅಥವಾ ಪಿಯುಸಿ ವಿಜ್ಞಾನದಿಂದ ಡಿಪ್ಲೊಮಾ 2ನೇ ವರ್ಷಕ್ಕೆ*

ಎರಡು ವರ್ಷದ ಐಟಿಐ ಮುಗಿಸಿದವರು, ಪಿಯುಸಿ ವಿಜ್ಞಾನ ಪಾಸಾದವರು ಪಾಲಿಟೆಕ್ನಿಕ್‌ಗೆ ಮೊದಲ ವರ್ಷ ಬಿಟ್ಟು ನೇರ 3ನೇ ಸೆಮಿಸ್ಟರ್‌ಗೆ ಸೇರಬಹುದು. ಇದಕ್ಕೆ ಲ್ಯಾಟರಲ್ ಎಂಟ್ರಿ ಅಂತಾರೆ. ಪ್ರಕಟಣೆ ಹೊರಡಿಸೋದು ತಾಂತ್ರಿಕ ಶಿಕ್ಷಣ ಇಲಾಖೆ. ಐಟಿಐ ಟ್ರೇಡಿಗೆ ಯಾವ ಡಿಪ್ಲೊಮಾ ಬ್ರ್ಯಾಂಚ್ ಸಿಗುತ್ತೆ ಅನ್ನೋದನ್ನ ಆ ವರ್ಷದ ಪ್ರಕಟಣೆ ನೋಡಿಯೇ ತೀರ್ಮಾನಿಸಬೇಕು.

*3. ಡಿಪ್ಲೊಮಾದಿಂದ ಎಂಜಿನಿಯರಿಂಗ್ 2ನೇ ವರ್ಷಕ್ಕೆ*

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದರೆ ಡಿಪ್ಲೊಮಾದವರಿಗೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಜಿಲ್ಲೆಯಲ್ಲಿ ಭದ್ರಾವತಿಯ ಸರ್ ಎಂ.ವಿ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಓದಿ, ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜಿಗೆ ಈ ದಾರಿಯಲ್ಲಿ ಸೇರಬಹುದು. ಎಚ್ಚರ ಒಂದೇ: ಮೊದಲ ವರ್ಷ ಬಿಟ್ಟು ಬರುವವರಿಗೆ ಗಣಿತ ಕಷ್ಟ ಆಗುತ್ತೆ. ಅದಕ್ಕಾಗಿಯೇ ವಿಟಿಯು ಇಂಥವರಿಗೆ ಹೆಚ್ಚುವರಿ ಗಣಿತ ಇಟ್ಟುಕೊಂಡು ಬಂದಿದೆ. ಡಿಪ್ಲೊಮಾ ಮುಗಿದ ರಜೆಯಲ್ಲೇ ಗಣಿತ ತಿದ್ದಿಕೊಂಡವರಿಗೆ ಒಳ್ಳೇದು.

*4. ಫೇಲಾದವರಿಗೆ, ಐಟಿಐನವರಿಗೆ ಎನ್‌ಐಒಎಸ್*

1989ರಲ್ಲಿ ಆರಂಭವಾದ ಕೇಂದ್ರದ ಮುಕ್ತ ಶಾಲೆ ಇದು. ಬೇರೆ ಮಾನ್ಯ ಮಂಡಳಿಯ ಪರೀಕ್ಷೆಯಲ್ಲಿ ಒಟ್ಟಾರೆ ಫೇಲಾಗಿದ್ದರೂ ಪಾಸಾದ ವಿಷಯಗಳಲ್ಲಿ ಎರಡನ್ನ ಇಲ್ಲಿ ಒಪ್ಪಿಕೊಳ್ಳುತ್ತಾರೆ. ಉಳಿದವನ್ನ ಬರೆದರೆ ಸಾಕು. ಒಮ್ಮೆ ನೋಂದಾಯಿಸಿದರೆ 5 ವರ್ಷದಲ್ಲಿ 9 ಅವಕಾಶ. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಐಟಿಐ ಮಾಡಿದವರು ಒಂದು ಭಾಷೆ ಮತ್ತು ಒಂದು ವಿಷಯ ಬರೆದು, ಐಟಿಐ ವಿಷಯಗಳನ್ನ ವರ್ಗಾಯಿಸಿಕೊಂಡು 12ನೇ ತರಗತಿಗೆ ಸಮಾನವಾದ ಪ್ರಮಾಣಪತ್ರ ಪಡೆಯಬಹುದು. ಅಲ್ಲಿಂದ ಪದವಿಗೆ ದಾರಿ ತೆರೆಯುತ್ತೆ. ಸೇರುವ ಮೊದಲು ಬೇಕಾದ ವಿಷಯ ಯಾವ ಮಾಧ್ಯಮದಲ್ಲಿ ಇದೆ ಅಂತ ಕೇಳಿಕೊಳ್ಳಬೇಕು.

*5. ಪಿಯುಸಿ ಓದುವಾಗಲೇ ಐಐಟಿ ಮದ್ರಾಸ್ ಅರ್ಹತೆ*

ಅಮೆರಿಕದ ಪದ್ಧತಿಗೆ ಅತಿ ಹತ್ತಿರ ಅಂದರೆ ಇದು. ಐಐಟಿ ಮದ್ರಾಸ್ 2020ರಲ್ಲಿ ಆನ್‌ಲೈನ್‌ನಲ್ಲಿ ಡೇಟಾ ಸೈನ್ಸ್ ಕೋರ್ಸ್ ಶುರು ಮಾಡಿತು. ಈಗ ಅದು ನಾಲ್ಕು ವರ್ಷದ ಬಿಎಸ್ ಪದವಿ. ಜೆಇಇ ಬೇಕಿಲ್ಲ. 11ನೇ ತರಗತಿ, ಅಂದರೆ ಪ್ರಥಮ ಪಿಯುಸಿ ಅಂತಿಮ ಪರೀಕ್ಷೆ ಬರೆದವರು ಅರ್ಜಿ ಹಾಕಬಹುದು. ನಾಲ್ಕು ವಾರ ಆನ್‌ಲೈನ್ ಪಾಠ, ವಾರ ವಾರ ಅಸೈನ್‌ಮೆಂಟ್, ಕೊನೆಗೆ ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯುವ ಅರ್ಹತಾ ಪರೀಕ್ಷೆ. ಪಾಸಾದರೆ ಸೀಟು ಖಾತ್ರಿ, ಆದರೆ ಕೋರ್ಸಿಗೆ ಸೇರೋದು 12ನೇ ತರಗತಿ ಪಾಸಾದ ಮೇಲೆ. ಅಂದರೆ ಇಲ್ಲಿ ಮೊದಲೇ ಸಿಗೋದು ಅರ್ಹತೆ, ಕ್ರೆಡಿಟ್ ಅಲ್ಲ. ಪಾಠ ಇಂಗ್ಲಿಷಿನಲ್ಲಿರುತ್ತೆ. ಮನೆಯಲ್ಲಿ ಇಂಟರ್ನೆಟ್ ಸರಿ ಇರಬೇಕು.

*6. ‘ಸ್ವಯಂ’ ಆನ್‌ಲೈನ್ ಕೋರ್ಸ್*

2017ರ ಜುಲೈನಲ್ಲಿ ಆರಂಭವಾದ ಕೇಂದ್ರದ ವೇದಿಕೆ. 9ರಿಂದ 12ನೇ ತರಗತಿಯ ಪಾಠಗಳೂ ಇವೆ, ಪದವಿ ಮಟ್ಟದವೂ ಇವೆ. ಕಲಿಯೋದು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕ. ಪದವಿ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸನ್ನ ಇದರಿಂದ ತುಂಬಿಕೊಳ್ಳಲು ಯುಜಿಸಿಯ 2021ರ ನಿಯಮ ಅವಕಾಶ ಕೊಟ್ಟಿದೆ. ಆದರೆ ಯಾವ ಕೋರ್ಸನ್ನ ಒಪ್ಪಬೇಕು ಅನ್ನೋದು ಆಯಾ ವಿಶ್ವವಿದ್ಯಾಲಯದ ಕೈಯಲ್ಲಿದೆ. ಪಿಯುಸಿಯಲ್ಲಿ ಇದ್ದಾಗ ಮಾಡಿದ ಕೋರ್ಸ್ ಮುಂದೆ ಕ್ರೆಡಿಟ್ ಆಗುತ್ತೆ ಅಂತ ನಂಬಿ ದುಡ್ಡು ಕಟ್ಟಬಾರದು. ಕಲಿಕೆಗಾಗಿ ಮಾಡಿದರೆ ಅದು ಬೇರೆ ಮಾತು.

*7. ಪಿಯುಸಿ ಮುಗಿದ ಮೇಲೆ ಒಟ್ಟಿಗೆ ಎರಡು ಪದವಿ*

2022ರ ಏಪ್ರಿಲ್‌ನಿಂದ ಯುಜಿಸಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಒಂದು ಪದವಿಯನ್ನ ಕಾಲೇಜಿಗೆ ಹೋಗಿ, ಇನ್ನೊಂದನ್ನ ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಮಾಡಬಹುದು. ತರಗತಿ ಸಮಯ ಒಂದರ ಮೇಲೊಂದು ಬೀಳದಿದ್ದರೆ ಎರಡನ್ನೂ ಕಾಲೇಜಿನಲ್ಲೇ ಓದಬಹುದು. ಪಿಎಚ್.ಡಿ.ಗೆ ಇದು ಅನ್ವಯಿಸೋದಿಲ್ಲ.

ವರ್ಷದ ಲೆಕ್ಕ ಹೀಗಿದೆ

ಎಸ್ಸೆಸ್ಸೆಲ್ಸಿ ನಂತರ ಎಂಜಿನಿಯರಿಂಗ್ ಪದವಿಗೆ:

- ಪಿಯುಸಿ 2 + ಎಂಜಿನಿಯರಿಂಗ್ 4 = 6 ವರ್ಷ
- ಡಿಪ್ಲೊಮಾ 3 + ಎಂಜಿನಿಯರಿಂಗ್ 3 = 6 ವರ್ಷ
- ಐಟಿಐ 2 + ಡಿಪ್ಲೊಮಾ 2 + ಎಂಜಿನಿಯರಿಂಗ್ 3 = 7 ವರ್ಷ

ಬಿ.ಎ., ಬಿ.ಕಾಂ.ಗೆ ಪಿಯುಸಿ 2 + ಪದವಿ 3 = 5 ವರ್ಷ. ರಾಜ್ಯದಲ್ಲಿ 2021-22ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದ್ಧತಿ ಹೋಗಿ, 2024-25ರಿಂದ ಮತ್ತೆ ಮೂರು ವರ್ಷದ ಪದವಿಯೇ ಇದೆ.

ಪಟ್ಟಿ ನೋಡಿದರೆ ವಿಷಯ ಸ್ಪಷ್ಟ. ಆರು ವರ್ಷಕ್ಕಿಂತ ಮೊದಲು ಎಂಜಿನಿಯರ್ ಆಗುವ ದಾರಿ ಇದರಲ್ಲಿ ಯಾವುದೂ ಇಲ್ಲ. ಆದರೆ ಡಿಪ್ಲೊಮಾ ದಾರಿಯಲ್ಲಿ ಮೂರನೇ ವರ್ಷಕ್ಕೆ ಕೆಲಸ ಸಿಗುವಂಥ ಒಂದು ಪ್ರಮಾಣಪತ್ರ ಕೈಗೆ ಬಂದಿರುತ್ತೆ, ಐಟಿಐ ದಾರಿಯಲ್ಲಿ ಎರಡನೇ ವರ್ಷಕ್ಕೇ. ಮನೆಯಲ್ಲಿ ಏನಾದರೂ ಕಷ್ಟ ಬಂದು ಓದು ನಿಂತರೂ ಅಲ್ಲಿಯವರೆಗಿನ ಓದು ವ್ಯರ್ಥ ಆಗೋದಿಲ್ಲ, ಮುಂದೆ ಅಲ್ಲಿಂದಲೇ ಹತ್ತಬಹುದು. ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿಯಲ್ಲಿ ಒಳ್ಳೆ ರ್‍ಯಾಂಕ್ ಬರದ ಮಗುವಿಗೂ ಡಿಪ್ಲೊಮಾದಲ್ಲಿ ಒಂದು ವರ್ಷ ಉಳಿಯುತ್ತೆ.

ಏಜೆಂಟರ ಮಾತಿಗೆ ಮರುಳಾಗುವ ಮುನ್ನ

‘ಎಸ್ಸೆಸ್ಸೆಲ್ಸಿ ಫೇಲಾದರೂ ನೇರ ಡಿಗ್ರಿ’, ‘ಒಂದೇ ವರ್ಷದಲ್ಲಿ ಪಿಯುಸಿ, ಡಿಗ್ರಿ ಎರಡೂ’, ‘ಪರೀಕ್ಷೆ ಬರೆಯೋದೇ ಬೇಡ’ ಎಂದು ಹೇಳಿಕೊಂಡು ಬರುವವರು ಇರುತ್ತಾರೆ. ‘ಕ್ರೆಡಿಟ್ ಟ್ರಾನ್ಸ್‌ಫರ್’ ಅನ್ನೋದು ಇಂಥವರಿಗೆ ಬಾಯಿಗೆ ಸಿಕ್ಕ ಹೊಸ ಪದ. ಎನ್‌ಐಒಎಸ್‌ನಲ್ಲೂ ಹತ್ತನೇ ತರಗತಿ ಪಾಸಾಗಿ ಎರಡು ವರ್ಷ ಆಗದೆ 12ನೇ ತರಗತಿಯ ಪ್ರಮಾಣಪತ್ರ ಸಿಗೋದಿಲ್ಲ ಅನ್ನೋದನ್ನ ನೆನಪಿಟ್ಟುಕೊಂಡರೆ ಅರ್ಧ ಮೋಸ ಅಲ್ಲೇ ಗೊತ್ತಾಗುತ್ತೆ. ಇಂಥ ಪ್ರಮಾಣಪತ್ರದ ಬಣ್ಣ ಬಯಲಾಗೋದು ಸಾಮಾನ್ಯವಾಗಿ ತಡವಾಗಿ. ಸರ್ಕಾರಿ ಕೆಲಸದ ದಾಖಲಾತಿ ಪರಿಶೀಲನೆ ದಿನ ಅದು ತಿರಸ್ಕೃತ ಆದರೆ ದುಡ್ಡೂ ಹೋಯ್ತು, ವಯಸ್ಸೂ ಹೋಯ್ತು.

ದುಡ್ಡು ಕಟ್ಟುವ ಮೊದಲು ಇಷ್ಟು ನೋಡಿಕೊಂಡರೆ ಸಾಕು:

- ವಿಶ್ವವಿದ್ಯಾಲಯದ ಹೆಸರು ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇದೆಯಾ?
- ದೂರಶಿಕ್ಷಣ, ಆನ್‌ಲೈನ್ ಆದರೆ ಆ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ ದೂರಶಿಕ್ಷಣ ಬ್ಯೂರೊ ಮಾನ್ಯತೆ ಇದೆಯಾ?
- ಶುಲ್ಕ ಸಂಸ್ಥೆಯ ಅಧಿಕೃತ ಖಾತೆಗೆ ಹೋಗುತ್ತಾ, ಏಜೆಂಟನ ಫೋನ್ ಪೇಗೆ ಹೋಗುತ್ತಾ?
- ‘ಮುಂದೆ ಲೆಕ್ಕಕ್ಕೆ ಬರುತ್ತೆ’ ಅನ್ನೋದನ್ನ ಮುಂದೆ ಸೇರಬೇಕಾದ ಕಾಲೇಜಿನವರೇ ಲಿಖಿತವಾಗಿ ಹೇಳಿದ್ದಾರಾ?

ಜೋಪಾನವಾಗಿ ಇಡಬೇಕಾದ ದಾಖಲೆ

ಓದು ಲೆಕ್ಕಕ್ಕೆ ಬರಬೇಕಾದರೆ ಕಾಗದ ಸರಿ ಇರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಫೇಲಾಗಿದ್ದರೂ ಅದರ ಮೂಲ ಪ್ರತಿ, ಐಟಿಐ ಅಥವಾ ಡಿಪ್ಲೊಮಾದ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಟಿ.ಸಿ., ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ ಒಂದೇ ಫೈಲಿನಲ್ಲಿರಲಿ. ಫೇಲಾದ ಅಂಕಪಟ್ಟಿಯನ್ನ ಬೇಸರದಲ್ಲಿ ಹರಿದು ಹಾಕುವವರಿದ್ದಾರೆ. ಪಾಸಾದ ಎರಡು ವಿಷಯ ವರ್ಗಾಯಿಸಿಕೊಳ್ಳಲು ಬೇಕಾಗೋದು ಅದೇ ಹಾಳೆ.

ಹೆಸರಿನ ಕಾಗುಣಿತವೂ ಮುಖ್ಯ. ಆಧಾರ್‌ನಲ್ಲಿ ಒಂದು, ಶಾಲಾ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅಪಾರ್ ಸಂಖ್ಯೆ ಆಗುವಾಗಲೇ ತೊಡಕು. ಇನಿಷಿಯಲ್, ತಂದೆಯ ಹೆಸರು, ಜನ್ಮ ದಿನಾಂಕ ಮೂರನ್ನೂ ಎಂಟು, ಒಂಬತ್ತನೇ ತರಗತಿಯಲ್ಲೇ ಮುಖ್ಯ ಶಿಕ್ಷಕರ ಹತ್ತಿರ ಪರಿಶೀಲಿಸಿ ಸರಿ ಮಾಡಿಸಿಕೊಳ್ಳೋದು ಸುಲಭ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿಗೆ ಓಡಾಟ ಜಾಸ್ತಿ.

ಲ್ಯಾಟರಲ್ ಎಂಟ್ರಿ, ಡಿಸಿಇಟಿ ದಿನಾಂಕಗಳು ಪ್ರತಿ ವರ್ಷ ಬದಲಾಗುತ್ತವೆ. ಫಲಿತಾಂಶ ಬಂದ ವಾರದಲ್ಲೇ ಹತ್ತಿರದ ಪಾಲಿಟೆಕ್ನಿಕ್, ಐಟಿಐ ಅಥವಾ ಪಿಯು ಕಾಲೇಜಿನ ಕಚೇರಿಗೆ ಹೋಗಿ ಕೇಳಿದರೆ ಅರ್ಜಿಯ ಕೊನೇ ದಿನಾಂಕ ತಪ್ಪಿಹೋಗೋದಿಲ್ಲ.