ನಾಲ್ಕೂ ನಾನೇ!

1/3
ಸ್ಟೋರಿಗೆ ಹಾಕಿದ ಸಿಮ್ಯುಲೇಟರ್ ವಿಡಿಯೋ ನೋಡಿ "ಉಳಿದ ಮೂರು ಪ್ಲೇನ್ ಯಾರು ಓಡಿಸ್ತಿರೋದು?" ಅಂತ ಕೇಳಿದ್ರಿ. ನಾಲ್ಕೂ ನಾನೇ. ಇದಕ್ಕೊಂದು ಹಳೇ ಕಥೆ ಇದೆ.

ಅಮೆರಿಕದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್ ಅಂತ ಒಬ್ಬ. ಅವರಪ್ಪಂದು ಪಿಯಾನೋ, ಆರ್ಗನ್ ಫ್ಯಾಕ್ಟರಿ. ಆರ್ಗನ್‌ಗೆ ಗಾಳಿ ಊದೋ ತಿದಿಗಳನ್ನೇ ಜೋಡಿಸಿ 1929ರಲ್ಲಿ ಅಲುಗಾಡೋ ಕಾಕ್‌ಪಿಟ್ ಕಟ್ಟಿದ. ಮೊದಮೊದಲು ಅದು ಜಾತ್ರೆ ಆಟದ ಸಾಮಾನಾಗಿತ್ತು. 1934ರಲ್ಲಿ ಟಪಾಲು ಸಾಗಿಸೋ ಕೆಲಸ ಸೈನ್ಯದ ಮೇಲೆ ಬಿದ್ದು, ಕೆಟ್ಟ ಹವಾಮಾನದಲ್ಲಿ ಪೈಲಟ್‌ಗಳು ಸತ್ತ ಮೇಲೆ, ಸೈನ್ಯವೇ ಬಂದು 6 ಟ್ರೇನರ್ ಕೊಂಡಿತು.

ನನಗೆ ಇಷ್ಟವಾದದ್ದು ಅದರ ಜೊತೆಗಿದ್ದ 'ಏಡಿ'. ಮೂರು ಚಕ್ರದ ಪುಟ್ಟ ಯಂತ್ರ. ಶಿಷ್ಯ ಮುಚ್ಚಿದ ಪೆಟ್ಟಿಗೆಯೊಳಗೆ ಹಾರಿಸ್ತಿದ್ರೆ, ಇದು ಮೇಷ್ಟ್ರ ಮೇಜಿನ ನಕ್ಷೆ ಮೇಲೆ ಶಾಯಿಯಲ್ಲಿ ಅವನ ದಾರಿ ಗೀಚುತ್ತಾ ಹೋಗೋದು. "ನಾನ್ ಹಾಗ್ ತಿರುಗ್ಸೇ ಇಲ್ಲ ಸಾರ್" ಅನ್ನೋಕೆ ಜಾಗನೇ ಇಲ್ಲ!

2/3
1982ರಲ್ಲಿ ಬ್ರೂಸ್ ಆರ್ಟ್‌ವಿಕ್ ಬರೆದ ಫ್ಲೈಟ್ ಸಿಮ್ಯುಲೇಟರನ್ನ ಮೈಕ್ರೋಸಾಫ್ಟ್ ಐಬಿಎಂ ಪಿಸಿಗೆ ತಂತು. ನಾನು ಓಡಿಸೋದು 2006ರ ಎಫ್‌ಎಸ್‌ಎಕ್ಸ್. ಹಳೇದೇ, ನನ್ನ ಲ್ಯಾಪ್‌ಟಾಪ್‌ಗೆ ಅದೇ ಜಾಸ್ತಿ. ಅದಕ್ಕೆ ಎಫ್‌ಎಸ್ ರೆಕಾರ್ಡರ್ ಅನ್ನೋ ಆಡ್-ಆನ್ ಇದೆ. ಮೊದಲು ಲೀಡರ್ ಆಗಿ ಹಾರಿ ರೆಕಾರ್ಡ್ ಮಾಡ್ಬೇಕು. ಆ ಫೈಲ್ ಪ್ಲೇ ಮಾಡಿದ್ರೆ ಲೀಡರ್ ಮುಂದೆ ಹೋಗ್ತಾನೆ, ನಾನು ಎರಡನೇ ಪ್ಲೇನಲ್ಲಿ ಅವನ ರೆಕ್ಕೆ ಪಕ್ಕ. ಅದನ್ನೂ ರೆಕಾರ್ಡ್ ಮಾಡಿ ಮೂರನೇದು, ನಾಲ್ಕನೇದು.

ಕೇಳೋಕೆ ಸುಲಭ. ನನ್ನ ಮೊದಲ ಲೀಡರ್ ಫುಲ್ ಥ್ರಾಟಲ್‌ನಲ್ಲಿ ಜುಮ್ಮಂತ ಹಾರಿದ್ದ. ಹಿಂದಿನವನಿಗೆ ಹಿಡಿಯೋಕೆ ಪವರ್ ಎಲ್ಲಿ ಉಳೀತು? ತಿರುವಿನಲ್ಲಿ ಹೊರಗಿರೋನು ಇನ್ನೂ ಜೋರಾಗಿ ಹೋಗ್ಬೇಕು, ಅವನಂತೂ ಹಿಂದೇನೇ ಬಿದ್ದ. ಯಾರನ್ನ ಬೈಯೋದು? ಓಪನಿಂಗ್ ಬ್ಯಾಲೆನ್ಸ್ ತಪ್ಪಿದ ಲೆಡ್ಜರ್ ಥರ, ಎಲ್ಲಾ ಅಳಿಸಿ ಮೊದಲಿಂದ. ಹಿಂದೆ ಬರೋ ನನಗೋಸ್ಕರ ಮುಂದಿರೋ ನಾನು ಸ್ವಲ್ಪ ನಿಧಾನ ಹೋಗ್ಬೇಕಿತ್ತು.

3/3
ಇಷ್ಟೆಲ್ಲಾ ಯಾಕೆ ಅಂದ್ರೆ, ನಮ್ಮೂರು ಬೀದರ್. 1996ರಲ್ಲಿ ಸೂರ್ಯಕಿರಣ್ ತಂಡ ಶುರುವಾಗಿದ್ದು ಇಲ್ಲೇ, ಬೆಂಗಳೂರಿನ ಎಚ್‌ಎಎಲ್‌ನ ಕಿರಣ್ ಜೆಟ್‌ಗಳಲ್ಲಿ. ಅಜ್ಜ ನನ್ನನ್ನ ಮಾಳಿಗೆ ಮೇಲೆ ಎತ್ಕೊಂಡು ಒಂಬತ್ತೂ ಎಣಿಸೋರು. 2011ರಲ್ಲಿ ತಂಡ ನಿಂತಿತು. ಪೈಲಟ್‌ಗಳಿಗೆ ಕಲಿಸೋಕೆ ಆ ಜೆಟ್‌ಗಳು ಬೇಕಾದವು. 2015ರಲ್ಲಿ ಹಾಕ್ ಜೆಟ್‌ಗಳೊಂದಿಗೆ ವಾಪಸ್ ಬಂತು. ಅಷ್ಟೊತ್ತಿಗೆ ಅಜ್ಜ ಇರ್ಲಿಲ್ಲ.

ಈಗ ಏಳನೇ ಲೀಡರ್ ಫೈಲ್. ಹಿಂದೆ ಮೂರು ಸೇರಿವೆ, ಇನ್ನೂ ಐದು ಬಾಕಿ. ಗುರುವಾರ ಕಾಸ್ಟಿಂಗ್ ಇಂಟರ್ನಲ್ಸ್ ಮುಗೀಲಿ, ಐದನೇದು ಹತ್ತಿಸ್ತೀನಿ.