ದೇವರ ಸರ್ವಜ್ಞತೆ (ಕ್ರೈಸ್ತ ಧರ್ಮ)

ದೇವರ ಸರ್ವಜ್ಞತೆ ಎಂಬುದು ದೇವರು ಪ್ರತಿಯೊಬ್ಬ ಮನುಷ್ಯನ ನಡೆ, ನುಡಿ ಮತ್ತು ಆಲೋಚನೆಗಳನ್ನು ಸಂಪೂರ್ಣವಾಗಿ ಬಲ್ಲನೆಂಬ ಕ್ರೈಸ್ತ ನಂಬಿಕೆ.

ಬೈಬಲಿನ ಆಧಾರ

ಬೈಬಲಿನ 139ನೆಯ ಕೀರ್ತನೆ ಇದಕ್ಕೆ ಮುಖ್ಯ ಆಧಾರ. ಮನುಷ್ಯನು ಕುಳಿತುಕೊಳ್ಳುವುದು, ಏಳುವುದು, ಇನ್ನೂ ಆಡದಿರುವ ಮಾತು ಎಲ್ಲವೂ ದೇವರಿಗೆ ಗೊತ್ತು ಎಂಬುದು ಅದರ ಆಶಯ. ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಈ ಅರಿವು ಭಯಪಡುವವರಿಗೆ ಧೈರ್ಯವಾಗಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಅದೇ ಎಚ್ಚರಿಕೆಯಾಗಿದೆ.

ತಾತ್ತ್ವಿಕ ಚರ್ಚೆ

ನಾಳೆಯ ಕೃತ್ಯ ದೇವರಿಗೆ ಇಂದೇ ತಿಳಿದಿದ್ದರೆ ಮನುಷ್ಯನು ಸ್ವತಂತ್ರನೇ ಎಂಬುದು ಹಳೆಯ ಪ್ರಶ್ನೆ. ಮೊದಲೇ ತಿಳಿದಿರುವುದು ಬಲವಂತಪಡಿಸಿದಂತಲ್ಲ ಎಂದು ಸಂತ ಅಗಸ್ಟೀನ್ ವಾದಿಸಿದರು. ದೇವರು ಕಾಲಾತೀತನಾದ್ದರಿಂದ ಭೂತ, ಭವಿಷ್ಯಗಳನ್ನೂ ವರ್ತಮಾನದಂತೆಯೇ ಕಾಣುತ್ತಾನೆ ಎಂಬುದು 6ನೆಯ ಶತಮಾನದ ಬೊಯೆಥಿಯಸ್‌ನ ನಿಲುವು. ಕೇಳುವ ಮೊದಲೇ ದೇವರಿಗೆ ಅಗತ್ಯಗಳು ತಿಳಿದಿವೆ ಎಂದು ಮತ್ತಾಯನ ಸುವಾರ್ತೆ ಹೇಳುವುದರಿಂದ, ಪ್ರಾರ್ಥನೆಯನ್ನು ಸುದ್ದಿ ತಿಳಿಸುವ ಕ್ರಿಯೆ ಎನ್ನದೆ ನಂಬಿಕೆಯ ಅಭಿವ್ಯಕ್ತಿ ಎಂದು ಅರ್ಥೈಸಲಾಗುತ್ತದೆ.

ಬಳ್ಳಾರಿ ಸೀಮೆಯಲ್ಲಿ

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ಮಿಷನ್ ಆರಂಭಿಸಿ, ಬೈಬಲಿನ ಕನ್ನಡ ಅನುವಾದದಲ್ಲಿ ತೊಡಗಿದರು. ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಸಿದ್ಧವಾಯಿತು. ಇದರಿಂದ ಮೇಲಿನ ಕೀರ್ತನೆ, ಸುವಾರ್ತೆಗಳು ಜನರ ಮಾತಿನಲ್ಲೇ ಓದಲು ದೊರೆತವು. ಆಗ ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ಪ್ರದೇಶಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳಾಗಿವೆ.