ಕಲ್ಲಚ್ಚಿಗಿರೋ ಜಾಗ ನಮ್ಮ ಮೊಬೈಲ್ ಬರಹಕ್ಕಿಲ್ಲ



ನಾವು ನಾಲ್ಕು ಜನ ಸೇರಿ ಒಂದು ಅಂತರ್ಜಾಲ ಪತ್ರಿಕೆ ನಡೆಸ್ತಿದ್ವಿ. ಕೇರಿಯ ಹಿರಿಯರ ಮಾತು, ಭೂಮಿ ಹೋರಾಟದ ವರದಿ ಎಲ್ಲಾ ಅದರಲ್ಲೇ ಇತ್ತು. ಒಂದು ವರ್ಷ ಡೊಮೈನ್ ದುಡ್ಡು ಕಟ್ಟೋಕಾಗಲಿಲ್ಲ. ಎಲ್ಲಾ ಹೋಯ್ತು. ಎಲ್ಲಾದ್ರೂ ಒಂದು ಪ್ರತಿ ಉಳಿದಿರುತ್ತಾ ಅಂತ ಹುಡುಕುವಾಗ ಈ ಕಾನೂನಿನ ಚರಿತ್ರೆ ಕಣ್ಣಿಗೆ ಬಿತ್ತು.

1954ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಪುಸ್ತಕ ಪ್ರಕಟವಾದ 30 ದಿನದೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲೇ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕೊಡಬೇಕು. 1956ರಲ್ಲಿ ಪತ್ರಿಕೆಗಳೂ ಸೇರಿದವು. ಯಾವ ಭಾಷೆಯಾದರೂ ಸರಿ, ಕಿರುಹೊತ್ತಿಗೆಯಾದರೂ ಸರಿ. ಬರೆದವರ ಜಾತಿ ಕೇಳದ ಕಾನೂನು ಅದು. ತಪ್ಪಿದರೆ ದಂಡ 50 ರೂಪಾಯಿವರೆಗೆ, ಜೊತೆಗೆ ಪುಸ್ತಕದ ಬೆಲೆ.

ಆದರೆ ಆ ಕಾಯ್ದೆಗೆ ಪುಸ್ತಕ ಅಂದರೆ ಅಚ್ಚಾದದ್ದು, ಇಲ್ಲವೇ ಕಲ್ಲಚ್ಚು ಹಾಕಿದ್ದು. ಇ-ಪುಸ್ತಕ, ಜಾಲತಾಣದ ಮಾತೇ ಇಲ್ಲ. ಬ್ರಿಟನ್ 2003ರಲ್ಲಿ ಹೊಸ ಕಾಯ್ದೆ ತಂದಿತು. 2013ರ ಏಪ್ರಿಲ್‌ನಿಂದ ಅಲ್ಲಿನ ಗ್ರಂಥಾಲಯಗಳು ಜಾಲತಾಣಗಳನ್ನೂ ಕಾನೂನಿನ ಪ್ರಕಾರ ಕೂಡಿಡ್ತಿವೆ.

ಬೇರೆಯವರ ಪತ್ರಿಕೆಗಳಲ್ಲಿ ನಮ್ಮ ನೋವಿಗೆ ಜಾಗವಿಲ್ಲ ಅಂತಲೇ ಬಾಬಾಸಾಹೇಬರು 1920ರಲ್ಲಿ ‘ಮೂಕನಾಯಕ’ ಶುರು ಮಾಡಿದ್ದು. ಇವತ್ತು ಅಚ್ಚಿನ ಖರ್ಚು ಹೊರಲಾರದ ನಮ್ಮ ಹುಡುಗ ಹುಡುಗಿಯರು ಮೊಬೈಲಲ್ಲಿ ಬರೀತಾರೆ. ಅದು ಅಳಿಸಿಹೋದರೆ, ಅಚ್ಚು ಹಾಕಿಸೋ ಶಕ್ತಿ ಇದ್ದವರ ಮಾತೇ ನಾಳೆ ಚರಿತ್ರೆ.

ಕಾಯ್ದೆ ತಿದ್ದಿ ಅಂತ ಕೇಳೋಣ. ಅಲ್ಲಿವರೆಗೆ ನಿಮ್ಮ ಬರಹಗಳನ್ನ ಸಣ್ಣ ಹೊತ್ತಿಗೆಯಾಗಿಯಾದರೂ ಅಚ್ಚು ಹಾಕಿಸಿ, ಈ ನಾಲ್ಕೂ ಕಡೆ ಕಳಿಸಿ. ರಸೀದಿ ಕೊಡಲೇಬೇಕು ಅಂತ ಅದೇ ಕಾಯ್ದೆ ಹೇಳುತ್ತೆ. ಕೇಳಿ ತಗೊಳ್ಳಿ.